ಹಗುರ ವಿಮಾನಗಳು ಬಂದರೆ ಪೈಲಟ್ ತರಬೇತಿ ಬದಲಾಗುವುದೇ? ಮುಂಬೈ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ವಿಮಾನಗಳ ನಿರ್ವಹಣೆಯಲ್ಲಿ ಬಹುಕಾಲ ಕೆಲಸ ಮಾಡಿ ಈಗ ಪುಣೆಯಲ್ಲಿ ನೆಲೆಸಿರುವ ನನ್ನನ್ನು ಇಲ್ಲಿನ ಮತ್ತು ಮುಂಬೈ, ಗೋವಾದ ಕನ್ನಡ ಕುಟುಂಬದವರು ಮಕ್ಕಳ ಪೈಲಟ್ ತರಬೇತಿಯ ಬಗ್ಗೆ ಆಗಾಗ ವಿಚಾರಿಸುತ್ತಾರೆ. ಇತ್ತೀಚೆಗೆ ಆ ಪ್ರಶ್ನೆಗಳಲ್ಲಿ ಹೆಚ್ಚಿನವು ಅಗ್ಗದ ಹಗುರ ವಿಮಾನಗಳನ್ನು ಕುರಿತವೇ ಆಗಿರುವುದರಿಂದ, ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಲೈಟ್ ಸ್ಪೋರ್ಟ್ ವಿಮಾನ ಎಂದರೆ ಯಾವುದು?

ಈ ಹೆಸರು ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ 2004ರಲ್ಲಿ ತಂದ ನಿಯಮದಿಂದ ಬಂದದ್ದು. ಆ ನಿಯಮದ ಪ್ರಕಾರ ನೆಲದಿಂದ ಹಾರುವ ಲೈಟ್ ಸ್ಪೋರ್ಟ್ ವಿಮಾನದ ಒಟ್ಟು ತೂಕ, ಅಂದರೆ ಇಂಧನವನ್ನೂ ಜನರನ್ನೂ ಸೇರಿಸಿದ ತೂಕ, 600 ಕಿಲೋ ಮೀರುವಂತಿರಲಿಲ್ಲ. ಎರಡೇ ಆಸನ, ಒಂದೇ ಎಂಜಿನ್, ಮಡಚಲಾಗದ ಚಕ್ರಗಳು, ಸಮತಲ ಹಾರಾಟದಲ್ಲಿ ಗರಿಷ್ಠ 120 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗ, ಮತ್ತು ರೆಕ್ಕೆಗಳು ಎತ್ತುವ ಶಕ್ತಿ ಕಳೆದುಕೊಳ್ಳುವ ಸ್ಟಾಲ್ ವೇಗ 45 ನಾಟ್‌ಗಿಂತ ಹೆಚ್ಚಿರಬಾರದು ಎಂಬುದು ಅದರ ಚೌಕಟ್ಟು. 2025ರ ಜುಲೈಯಲ್ಲಿ ಎಫ್‌ಎಎ ಪ್ರಕಟಿಸಿದ ಮೊಸಾಯಿಕ್ ಎಂಬ ಹೊಸ ನಿಯಮಾವಳಿಯು ತೂಕದ ಈ ಮಿತಿಯನ್ನು ತೆಗೆದುಹಾಕಿ, ಸ್ಟಾಲ್ ವೇಗವನ್ನೇ ಮುಖ್ಯ ಅಳತೆಗೋಲಾಗಿ ಮಾಡಿಕೊಂಡು, ನಾಲ್ಕು ಆಸನಗಳವರೆಗಿನ ವಿಮಾನಗಳಿಗೂ ಈ ವರ್ಗದ ಬಾಗಿಲು ತೆರೆದಿದೆ.

ನಮ್ಮಲ್ಲಿ ಜನ ಮೈಕ್ರೋಲೈಟ್, ಅಲ್ಟ್ರಾಲೈಟ್, ಲೈಟ್ ಸ್ಪೋರ್ಟ್ ಎಂಬ ಮಾತುಗಳನ್ನು ಒಂದರ ಬದಲು ಇನ್ನೊಂದು ಬಳಸಿಬಿಡುತ್ತಾರೆ. ಮಾತುಕತೆಯಲ್ಲಿ ಅದರಿಂದ ನಷ್ಟವಿಲ್ಲ, ಆದರೆ ಶುಲ್ಕ ಕಟ್ಟುವ ಹೊತ್ತಿಗೆ ನಷ್ಟವಿದೆ. ಏಕೆಂದರೆ ಒಂದು ವರ್ಗದ ವಿಮಾನದಲ್ಲಿ ಹಾರಿದ ಗಂಟೆ ಇನ್ನೊಂದು ಲೈಸೆನ್ಸಿನ ಲೆಕ್ಕಕ್ಕೆ ಬಾರದೆ ಹೋಗಬಹುದು. ಇದನ್ನು ಮುಂದೆ ವಿವರಿಸಿದ್ದೇನೆ.

ಇವು ಅಗ್ಗವಾಗಿರುವುದು ಹೇಗೆ? ಗುಣಮಟ್ಟದಲ್ಲಿ ಏನಾದರೂ ಕಡಿಮೆ ಮಾಡಿದ್ದಾರೆಯೇ?

ಅಗ್ಗಕ್ಕೆ ಎರಡು ಕಾರಣಗಳಿವೆ, ಅವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ಕಾಗದದ ಕೆಲಸಕ್ಕೆ ಸಂಬಂಧಿಸಿದ್ದು. ತರಬೇತಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಾಲ್ಕು ಆಸನದ ಸೆಸ್ನಾ 172ರಂಥ ವಿಮಾನಕ್ಕೆ ಸರ್ಕಾರವೇ ಪ್ರತಿ ವಿವರವನ್ನೂ ಪರಿಶೀಲಿಸಿ ಟೈಪ್ ಸರ್ಟಿಫಿಕೇಟ್ ಕೊಡುತ್ತದೆ, ಅದಕ್ಕೆ ವರ್ಷಗಟ್ಟಲೆ ಸಮಯವೂ ಹಣವೂ ಹಿಡಿಯುತ್ತದೆ. ಅಮೆರಿಕದ ಲೈಟ್ ಸ್ಪೋರ್ಟ್ ವ್ಯವಸ್ಥೆಯಲ್ಲಾದರೋ ಉದ್ಯಮ ಮತ್ತು ಇಲಾಖೆ ಕೂಡಿ ಒಪ್ಪಿದ ಮಾನದಂಡಗಳಿಗೆ ತನ್ನ ವಿಮಾನ ಬದ್ಧವಾಗಿದೆ ಎಂದು ತಯಾರಕನೇ ಘೋಷಿಸುತ್ತಾನೆ.

ಎರಡನೆಯ ಕಾರಣ ಎಂಜಿನ್. ಈ ವಿಮಾನಗಳಲ್ಲಿ ಬಹುಪಾಲಿನವುಗಳ ಮೂತಿಯಲ್ಲಿ ಆಸ್ಟ್ರಿಯಾದ ರೋಟಾಕ್ಸ್ ಕಂಪನಿಯ 912 ಸರಣಿಯ ಎಂಜಿನ್ ಕೂತಿರುತ್ತದೆ. ಇದು 80ರಿಂದ 100 ಅಶ್ವಶಕ್ತಿಯ ಸಣ್ಣ ಎಂಜಿನ್, ನಿಮಿಷಕ್ಕೆ 5,800 ಸುತ್ತಿನವರೆಗೆ ವೇಗವಾಗಿ ತಿರುಗಿ ಗೇರಿನ ಮೂಲಕ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುತ್ತದೆ. ಸಾಮಾನ್ಯ ಹಾರಾಟದಲ್ಲಿ ಗಂಟೆಗೆ 18 ಲೀಟರಿನ ಆಸುಪಾಸು ಇಂಧನ ಕುಡಿಯುತ್ತದೆ. ಸೆಸ್ನಾ 172 ಅದೇ ಗಂಟೆಗೆ 32ರಿಂದ 36 ಲೀಟರ್ ಕುಡಿಯುತ್ತದೆ. 200 ಗಂಟೆಯ ತರಬೇತಿಗೆ ಗುಣಿಸಿದರೆ ಸುಮಾರು 3,000 ಲೀಟರಿನ ವ್ಯತ್ಯಾಸ ಸಿಗುತ್ತದೆ.

ಗುಣಮಟ್ಟದ ಬಗ್ಗೆ ಕೇಳುವವರಿಗೆ ನಾನು ಎಣ್ಣೆಯ ಮಟ್ಟ ನೋಡುವ ರೀತಿಯನ್ನು ತೋರಿಸುತ್ತೇನೆ. ರೋಟಾಕ್ಸ್ 912ರಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲಿ ನಿಲ್ಲದೆ ಪಕ್ಕದ ತೊಟ್ಟಿಯೊಂದರಲ್ಲಿರುತ್ತದೆ, ನಿಂತ ಎಂಜಿನ್ನಿನಿಂದ ಅದು ಪೂರ್ತಿಯಾಗಿ ತೊಟ್ಟಿಗೆ ಹಿಂದಿರುಗಿರುವುದಿಲ್ಲ. ಆದ್ದರಿಂದ ಬೆಳಗ್ಗೆ ವಿಮಾನದ ಬಳಿ ಹೋದ ವಿದ್ಯಾರ್ಥಿ ಇಗ್ನಿಷನ್ ಆಫ್ ಆಗಿರುವುದನ್ನು ಎರಡು ಸಲ ನೋಡಿಕೊಂಡು, ತೊಟ್ಟಿಯ ಮುಚ್ಚಳ ತೆರೆದು, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಹಲವು ಸುತ್ತುಗಳಾದ ಮೇಲೆ ತೊಟ್ಟಿಯೊಳಗಿಂದ ಗುಳುಗುಳು ಎಂಬ ಸದ್ದು ಬರುತ್ತದೆ. ಆ ಸದ್ದು ಕೇಳಿದ ಮೇಲೆಯೇ ಅಳತೆ ಕಡ್ಡಿ ಅದ್ದಿ ನೋಡಬೇಕು, ಮತ್ತು ಪ್ರೊಪೆಲ್ಲರನ್ನು ಎಂದೂ ಹಿಮ್ಮುಖವಾಗಿ ತಿರುಗಿಸಬಾರದು. ಸದ್ದಿಗೆ ಕಾಯದೆ ಕಡ್ಡಿ ನೋಡಿದವನು ಎಣ್ಣೆ ಕಡಿಮೆಯಿದೆಯೆಂದು ತಪ್ಪಾಗಿ ತಿಳಿದು ಮೇಲೆ ಸುರಿದುಬಿಡುತ್ತಾನೆ. ಈ ಎಂಜಿನ್ ಕಳಪೆಯೇನಲ್ಲ, ಪೂರ್ತಿ ಬಿಚ್ಚಿ ದುರಸ್ತಿ ಮಾಡುವ ಓವರ್‌ಹಾಲಿಗೆ ತಯಾರಕರೇ 2,000 ಗಂಟೆಗಳ ಅವಧಿ ಕೊಟ್ಟಿದ್ದಾರೆ. ಆದರೆ ಹಳೆಯ ಲೈಕಮಿಂಗ್ ಎಂಜಿನ್ನುಗಳ ಮೇಲೆ ಕೈ ಪಳಗಿದವರು ಇದರ ರೀತಿನೀತಿಯನ್ನು ಹೊಸದಾಗಿ ಕಲಿಯಲೇಬೇಕು.

ಪೆಟ್ರೋಲ್ ಬಂಕಿನ ಪೆಟ್ರೋಲಿನಲ್ಲೇ ಓಡುತ್ತದೆ ಎನ್ನುತ್ತಾರಲ್ಲ, ನಿಜವೇ?

ವಿದೇಶಗಳಲ್ಲಿ ನಿಜ, ನಮ್ಮಲ್ಲಿ ಅಷ್ಟು ಸಲೀಸಲ್ಲ. ರೋಟಾಕ್ಸ್ ಒಪ್ಪುವುದು ಶೇಕಡಾ 10ರವರೆಗೆ ಎಥೆನಾಲ್ ಇರುವ ಪೆಟ್ರೋಲನ್ನು ಮಾತ್ರ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಬಹುತೇಕ ಶೇಕಡಾ 20 ಎಥೆನಾಲ್ ಬೆರೆತ ಇ20. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ರಬ್ಬರಿನ ಕೊಳವೆಗಳನ್ನು ಸವೆಸುತ್ತದೆ, ಬಿಸಿಲಿನಲ್ಲಿ ಇಂಧನ ಕೊಳವೆಯಲ್ಲೇ ಆವಿಯಾಗುವ ತೊಂದರೆಯನ್ನೂ ಹೆಚ್ಚಿಸುತ್ತದೆ. ಹೀಗಾಗಿ ಶಾಲೆಗಳು ಸೀಸ ಬೆರೆತ ವಿಮಾನ ಇಂಧನವಾದ ಅವ್‌ಗ್ಯಾಸ್ 100 ಎಲ್‌ಎಲ್‌ಗೇ ಮೊರೆಹೋಗುತ್ತವೆ. ಸೀಸ ಈ ಎಂಜಿನ್ನಿನೊಳಗೆ ಕೂರುವುದರಿಂದ ಎಣ್ಣೆಯನ್ನು ಇನ್ನಷ್ಟು ಬೇಗ ಬೇಗ ಬದಲಿಸಬೇಕಾಗುತ್ತದೆ. ಮೊದಲು ಅವ್‌ಗ್ಯಾಸನ್ನು ಪೂರ್ತಿಯಾಗಿ ಆಮದು ಮಾಡಿಕೊಳ್ಳುತ್ತಿದ್ದೆವು, 2022ರಿಂದ ಇಂಡಿಯನ್ ಆಯಿಲ್ ವಡೋದರಾದ ಸಂಸ್ಕರಣಾಗಾರದಲ್ಲಿ ಅದನ್ನು ತಯಾರಿಸುತ್ತಿದೆ ಎಂಬುದು ಸಮಾಧಾನದ ಸಂಗತಿ. ಆದರೂ ಲೀಟರುಗಳಲ್ಲಿ ಉಳಿತಾಯವಾಗುತ್ತದೆಯೇ ಹೊರತು ಲೀಟರಿನ ಬೆಲೆಯಲ್ಲಿ ವಿದೇಶದವರಿಗೆ ಸಿಗುವ ಉಳಿತಾಯ ನಮಗೆ ಸಿಗುವುದಿಲ್ಲ.

ಹಾಗಾದರೆ ಅರ್ಧ ಕೋಟಿಯ ಸಿಪಿಎಲ್ (ಸಂಬಳಕ್ಕೆ ಹಾರಲು ಬೇಕಾದ ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕಾಲು ಕೋಟಿಗೆ ಸಿಗುವುದೇ?

ಇಲ್ಲ. ಈ ಆಸೆ ಇಟ್ಟುಕೊಂಡು ಸಾಲ ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನೀವು ಕಟ್ಟುವ ಶುಲ್ಕದಲ್ಲಿ ಇಂಧನ, ಎಂಜಿನ್ ಮಾತ್ರವಲ್ಲ, ಇನ್‌ಸ್ಟ್ರಕ್ಟರ್ ಸಂಬಳ, ವಿಮೆ, ಹ್ಯಾಂಗರ್ ಬಾಡಿಗೆ, ಬಿಡಿಭಾಗಗಳ ಆಮದು, ಮತ್ತು ಮಳೆಗಾಲದಲ್ಲಿ ಹಾರದೆ ನಿಂತ ದಿನಗಳ ಖರ್ಚೂ ಸೇರಿರುತ್ತದೆ. ವಿಮಾನ ಹಗುರವಾದ ಮಾತ್ರಕ್ಕೆ ಇವು ಯಾವುವೂ ಹಗುರವಾಗುವುದಿಲ್ಲ.

ಅಗ್ಗದ ವಿಮಾನದ ಭರವಸೆ ಕೈಕೊಟ್ಟ ಉದಾಹರಣೆಯೂ ಕಣ್ಣೆದುರಿಗಿದೆ. ತರಬೇತಿ ವಿಮಾನಗಳಲ್ಲಿ ಅತ್ಯಂತ ದೊಡ್ಡ ಹೆಸರಾದ ಸೆಸ್ನಾ 2007ರಲ್ಲಿ ಸ್ಕೈಕ್ಯಾಚರ್ ಎಂಬ ಲೈಟ್ ಸ್ಪೋರ್ಟ್ ವಿಮಾನವನ್ನು 1,09,500 ಡಾಲರಿಗೆ ಕೊಡುವುದಾಗಿ ಪ್ರಕಟಿಸಿತು. ವೆಚ್ಚ ಉಳಿಸಲು ಚೀನಾದಲ್ಲಿ ತಯಾರಿಸಲಾಯಿತು. 2011ರ ಹೊತ್ತಿಗೆ ಬೆಲೆ 1,49,900 ಡಾಲರಿಗೆ ಏರಿತು, 2013ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು, ಮಾರಾಟವಾಗದೆ ಉಳಿದ ವಿಮಾನಗಳು ಕೊನೆಗೆ ಗುಜರಿಗೆ ಹೋದವು. ಇತರರಿಗಿಂತ ಭಾರವಾದ ಎಂಜಿನ್ ಆರಿಸಿಕೊಂಡದ್ದರಿಂದ ಅದರಲ್ಲಿ ಇಬ್ಬರು ಕೂತ ಮೇಲೆ ಇಂಧನಕ್ಕೆ ಉಳಿಯುವ ತೂಕ ಬಹಳ ಕಡಿಮೆಯಾಗಿತ್ತು. ತೂಕದ ಈ ಲೆಕ್ಕ ನಮ್ಮನ್ನೂ ಕಾಡುವಂಥದ್ದು.

ವೆಚ್ಚ ಅರ್ಧವಾಗದಿದ್ದರೆ ತರಬೇತಿಯಲ್ಲಿ ಬದಲಾಗುವುದೇನು?

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಬದಲಾಗಬೇಕಾದದ್ದು, ಬದಲಾಗಬಹುದಾದದ್ದು, ಒಂದೇ ಪಾಠವನ್ನು ಮತ್ತೆ ಮತ್ತೆ ಮಾಡುವ ಅವಕಾಶ.

ಇಂದಿನ ವಿದ್ಯಾರ್ಥಿ ಗಂಟೆಯ ಬೆಲೆ ನೆನೆದು ನಡುಗುತ್ತಾ ಹಾರುತ್ತಾನೆ. ಲ್ಯಾಂಡಿಂಗ್ ಸರಿಬರದಿದ್ದರೆ ಇನ್ನೊಂದು ಗಂಟೆ ಅಭ್ಯಾಸ ಮಾಡೋಣ ಎನ್ನಲು ಅವನಿಗೂ ಧೈರ್ಯವಿಲ್ಲ, ಇನ್‌ಸ್ಟ್ರಕ್ಟರಿಗೂ ಸಂಕೋಚ. ರನ್‌ವೇ ಸುತ್ತ ಸರ್ಕಿಟ್ ಹಾರುವಾಗ ಒಂದು ಗಂಟೆಗೆ ಎಂಟು ಲ್ಯಾಂಡಿಂಗ್ ಸಿಗುತ್ತವೆ ಎಂದುಕೊಳ್ಳಿ. ಗಂಟೆಯ ವೆಚ್ಚ ಮೂರರಲ್ಲೊಂದು ಪಾಲು ಇಳಿದರೆ, ಹತ್ತು ಗಂಟೆಯ ಹಣದಲ್ಲಿ ಹದಿನೈದು ಗಂಟೆ ಹಾರಬಹುದು, 80ರ ಬದಲು 120 ಲ್ಯಾಂಡಿಂಗ್ ಮಾಡಬಹುದು. ಉಳಿತಾಯವನ್ನು ಜೇಬಿಗೆ ಹಾಕಿಕೊಳ್ಳದೆ ಹೀಗೆ ಗಂಟೆಗಳಾಗಿ ಖರ್ಚು ಮಾಡಿದರೆ ಅದೇ ಹಣದಲ್ಲಿ ಹೆಚ್ಚು ಪಳಗಿದ ಪೈಲಟ್ ಸಿಗುತ್ತಾನೆ. ಹಗುರ ವಿಮಾನದಿಂದ ನಾನು ನಿರೀಕ್ಷಿಸುವುದು ಇದನ್ನೇ, ಕಡಿಮೆ ಶುಲ್ಕದ ಜಾಹೀರಾತನ್ನಲ್ಲ.

ಹೀಗೆ ಆದದ್ದು ಇದೇ ಮೊದಲೇನಲ್ಲ, ಮತ್ತು ಅದರ ನೆನಪು ಮುಂಬೈಯಲ್ಲೇ ಇದೆ. 1925ರಲ್ಲಿ ಬ್ರಿಟನ್ನಿನ ಡಿ ಹ್ಯಾವಿಲಂಡ್ ಕಂಪನಿ ಮಾತ್ ಎಂಬ ಎರಡು ಆಸನದ, ಮರ ಮತ್ತು ಬಟ್ಟೆಯ ಸರಳ ವಿಮಾನವನ್ನು ಹಾರಿಸಿತು. ಸಾಮಾನ್ಯ ಸಂಘಗಳ ಕೈಗೆಟುಕುವ ಆ ವಿಮಾನದಿಂದಾಗಿ ಊರೂರಿನಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿಕೊಂಡವು. ಜುಹುವಿನಲ್ಲಿ 1928ರಲ್ಲಿ ಬಾಂಬೆ ಫ್ಲೈಯಿಂಗ್ ಕ್ಲಬ್ ಶುರುವಾದದ್ದು ಆ ಅಲೆಯಲ್ಲೇ. ಅಲ್ಲಿ ಕಲಿತ ಜೆ.ಆರ್.ಡಿ. ಟಾಟಾ ಅವರು 1929ರ ಫೆಬ್ರುವರಿ 10ರಂದು ಭಾರತದಲ್ಲಿ ನೀಡಲಾದ ಮೊದಲ ಪೈಲಟ್ ಲೈಸೆನ್ಸ್ ಪಡೆದರು, 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆ ಹೊತ್ತು ಅದೇ ಜುಹುವಿನಲ್ಲಿ ಇಳಿದರು. ನಮ್ಮ ವಿಮಾನಯಾನದ ಬೇರು ಹಿಡಿದದ್ದು ಕ್ಲಬ್ಬಿನ ಸಣ್ಣ ವಿಮಾನದಲ್ಲಿ ಎಂಬುದನ್ನು ಮರೆತು, ತರಬೇತಿಯೆಂದರೆ ಏರ್‌ಬಸ್ಸಿನ ಕಾಕ್‌ಪಿಟ್ಟಿನ ಕನಸು ಮಾತ್ರ ಎಂದುಕೊಂಡಿರುವುದು ನನಗೆ ನೋವು ತರುವ ಸಂಗತಿ.

ಹಗುರ ವಿಮಾನದಲ್ಲಿ ಹಾರಿದ ಗಂಟೆಗಳು ಸಿಪಿಎಲ್‌ಗೆ ಲೆಕ್ಕವಾಗುತ್ತವೆಯೇ?

ವಿಮಾನ ಯಾವ ವರ್ಗದಲ್ಲಿ ಪ್ರಮಾಣಿತವಾಗಿದೆ ಎಂಬುದರ ಮೇಲೆ ಇದು ನಿಂತಿದೆ. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ನಿಯಮದಂತೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್, ಆಗಿರಬೇಕು. ಆ ನೂರರಲ್ಲಿ 20 ಗಂಟೆ ಒಂದೂರಿನಿಂದ ಇನ್ನೊಂದೂರಿಗೆ ಹಾರುವ ಕ್ರಾಸ್ ಕಂಟ್ರಿ ಇರಬೇಕು, ಅದರಲ್ಲೊಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದೆ ಎರಡು ಬೇರೆ ವಿಮಾನ ನಿಲ್ದಾಣಗಳಲ್ಲಿ ಇಳಿದಿರಬೇಕು. ಇದಲ್ಲದೆ ಹೊರಗೆ ನೋಡದೆ ಉಪಕರಣಗಳನ್ನೇ ನೋಡಿ ಹಾರುವ ಇನ್‌ಸ್ಟ್ರುಮೆಂಟ್ ಹಾರಾಟ 10 ಗಂಟೆ ಮತ್ತು 5 ಗಂಟೆ ರಾತ್ರಿ ಹಾರಾಟ ಬೇಕು.

ಟೈಪ್ ಸರ್ಟಿಫಿಕೇಟ್ ಇರುವ ಹಗುರ ವಿಮಾನಗಳು, ಉದಾಹರಣೆಗೆ ಇಟಲಿಯ ಟೆಕ್ನಾಮ್ ಪಿ2008 ಜೆಸಿ, ನಮ್ಮ ತರಬೇತಿ ಶಾಲೆಗಳಲ್ಲಿ ಈಗಾಗಲೇ ಹಾರುತ್ತಿವೆ. ಮೈಕ್ರೋಲೈಟಿಗೆ ಇರುವುದು ಪ್ರತ್ಯೇಕ ಲೈಸೆನ್ಸ್, ಅದರ ಗಂಟೆಗಳು ಸಿಪಿಎಲ್‌ಗೆ ತಾವಾಗಿಯೇ ಸೇರುತ್ತವೆ ಎಂದು ಭಾವಿಸಬೇಡಿ. ಯಾರಾದರೂ ಬಾಯಿಮಾತಿನಲ್ಲಿ ಸೇರುತ್ತವೆ ಎಂದರೆ ಬರಹದಲ್ಲಿ ಕೇಳಿ. ರಾತ್ರಿ ಮತ್ತು ಇನ್‌ಸ್ಟ್ರುಮೆಂಟ್ ಗಂಟೆಗಳಿಗೆ ಆ ವಿಮಾನಕ್ಕೆ ತಕ್ಕ ಉಪಕರಣಗಳೂ ಅನುಮತಿಯೂ ಇವೆಯೇ ಎಂಬುದನ್ನೂ ನೋಡಿ. ಏರ್‌ಲೈನ್ ಕೆಲಸಕ್ಕೆ ಬೇಕಾಗುವ ಮಲ್ಟಿ ಎಂಜಿನ್ ರೇಟಿಂಗ್ ಒಂದು ಎಂಜಿನ್ನಿನ ವಿಮಾನದಲ್ಲಿ ಸಿಗಲಾರದು. ಹಗುರ ವಿಮಾನ ಹೆಚ್ಚು ಉಪಯೋಗಕ್ಕೆ ಬರುವುದು ಆ 100 ಗಂಟೆಗಳ ಪೈಲಟ್ ಇನ್ ಕಮಾಂಡ್ ಭಾಗದಲ್ಲಿ. ಒಬ್ಬನೇ ಹಾರುವವನಿಗೆ ನಾಲ್ಕು ಆಸನದ ವಿಮಾನದ ಖಾಲಿ ಮೂರು ಆಸನಗಳನ್ನು ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ.

ಇಷ್ಟು ಹಗುರವಾದ ವಿಮಾನ ಸುರಕ್ಷಿತವೇ? ನಮ್ಮ ಗಾಳಿ, ಬಿಸಿಲಿಗೆ ತಡೆಯುತ್ತದೆಯೇ?

ಹಗುರವಾಗಿರುವುದು ತಾನಾಗಿಯೇ ಅಪಾಯವಲ್ಲ. ನಿಧಾನವಾಗಿ ಇಳಿಯುವ ವಿಮಾನ ಅಪಘಾತದಲ್ಲಿ ಕಡಿಮೆ ಬಲದಿಂದ ಬಡಿಯುತ್ತದೆ, ಮತ್ತು ಹಲವು ಮಾದರಿಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಕೂಡ ಇರುತ್ತದೆ. ಆದರೆ ಹಗುರ ವಿಮಾನ ಗಾಳಿಗೆ ಬೇಗ ಸ್ಪಂದಿಸುತ್ತದೆ. ಅಡ್ಡಗಾಳಿಯಲ್ಲಿ ರನ್‌ವೇ ಮೇಲೆ ಬಂದ ಮೇಲೂ ಕೆಳಗೆ ಕೂರಲೊಲ್ಲದೆ ತೇಲುತ್ತಲೇ ಹೋಗುತ್ತದೆ, ಕೈ ಸಡಿಲಿಸಿದರೆ ಒಂದು ರೆಕ್ಕೆ ಎದ್ದುಬಿಡುತ್ತದೆ. ಇದರಲ್ಲಿ ಕಲಿತವರ ಕಾಲುಗಳು ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲುಗಳ ಮೇಲೆ ಚುರುಕಾಗಿರುತ್ತವೆ ಎಂಬುದು ನಾನು ಹಲವು ಇನ್‌ಸ್ಟ್ರಕ್ಟರುಗಳ ಬಾಯಲ್ಲಿ ಕೇಳಿದ ಮಾತು, ನಾನದನ್ನು ನಂಬುತ್ತೇನೆ.

ಬಿಸಿಲಿನ ಲೆಕ್ಕ ಬೇರೆ. ಪುಣೆಯ ಸುತ್ತಲಿನ ದಖ್ಖನ್ ಬಯಲಿನಲ್ಲಿ ರನ್‌ವೇ ಸಮುದ್ರಮಟ್ಟದಿಂದ ಸುಮಾರು 1,900 ಅಡಿ ಎತ್ತರದಲ್ಲಿದೆ ಎನ್ನಿ. ಮೇ ತಿಂಗಳ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅಲ್ಲಿನ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು 5,000 ಅಡಿಗೂ ಮೇಲಿನ ರನ್‌ವೇ ಆಗಿಬಿಡುತ್ತದೆ. 100 ಅಶ್ವಶಕ್ತಿಯ ಎಂಜಿನ್ ಆಗ ತನ್ನ ಪೂರ್ತಿ ಶಕ್ತಿ ಕೊಡದು, ಓಟ ಉದ್ದವಾಗುತ್ತದೆ, ಏರಿಕೆ ನಿಧಾನವಾಗುತ್ತದೆ. ಆ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಹಾರಿ ಮುಗಿಸುವುದೇ ವಿವೇಕ.

ಇನ್ನು ತೂಕ. 600 ಕಿಲೋ ಮಿತಿಯ ವಿಮಾನದ ಖಾಲಿ ತೂಕ 370 ಕಿಲೋ ಇದ್ದರೆ ಉಳಿಯುವುದು 230. ತಲಾ 90 ಕಿಲೋ ತೂಗುವ ಇಬ್ಬರು ಹತ್ತು ಕಿಲೋ ಸಾಮಾನಿನೊಡನೆ ಕೂತರೆ ಇಂಧನಕ್ಕೆ ಉಳಿಯುವುದು 40 ಕಿಲೋ, ಅಂದರೆ ಸುಮಾರು 55 ಲೀಟರ್. ಟ್ಯಾಂಕ್ ದೊಡ್ಡದಿದ್ದರೂ ತುಂಬಿಸುವಂತಿಲ್ಲ. ಪರದೆಗಳ ಕಾಕ್‌ಪಿಟ್, ಪ್ಯಾರಾಚೂಟ್ ಎಂದು ಸೇರಿಸಿದಷ್ಟೂ ಈ ಲೆಕ್ಕ ಬಿಗಿಯಾಗುತ್ತದೆ. ಇಬ್ಬರೇ ತಾನೇ ಎಂದು ತೂಕದ ಹಾಳೆ ಬರೆಯದೆ ಹಾರುವ ಅಭ್ಯಾಸವಿರುವ ಕಡೆ ನಿಮ್ಮ ಮಗುವನ್ನು ಸೇರಿಸಬೇಡಿ.

ನಮ್ಮ ದೇಶದಲ್ಲೇ ಇಂಥ ವಿಮಾನ ತಯಾರಾಗುತ್ತಿದೆಯಂತೆ?

ಹೌದು, ಬೆಂಗಳೂರಿನಲ್ಲೇ. ಸಿಎಸ್‌ಐಆರ್-ಎನ್‌ಎಎಲ್ ಎಂಬ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ 1993ರಲ್ಲಿ ಹಾರಿಸಿದ ಹಂಸ ವಿಮಾನದ ಹೊಸ ಪೀಳಿಗೆಯಾದ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿತು. ಎರಡು ಆಸನ, ಸಂಯುಕ್ತ ವಸ್ತುಗಳ ಮೈ, ಡಿಜಿಟಲ್ ನಿಯಂತ್ರಣದ ರೋಟಾಕ್ಸ್ 912 ಎಂಜಿನ್. 2022ರ ಫೆಬ್ರುವರಿಯಲ್ಲಿ ಅದು ಬೆಂಗಳೂರಿನಿಂದ ಪುದುಚೇರಿಗೆ ಒಂದೂವರೆ ಗಂಟೆಯಲ್ಲಿ ಹಾರಿಹೋಗಿ ಸಮುದ್ರಮಟ್ಟದ ಪರೀಕ್ಷೆಗಳನ್ನು ಮುಗಿಸಿಕೊಂಡು ಬಂದಿತು. ಇದರ ತಯಾರಿಕೆಯ ತಂತ್ರಜ್ಞಾನವನ್ನು ಮುಂಬೈಯ ಪಯೋನಿಯರ್ ಕ್ಲೀನ್ ಆಂಪ್ಸ್ ಎಂಬ ಸಂಸ್ಥೆಗೆ ವರ್ಗಾಯಿಸಲಾಗಿದೆ. ಕನ್ನಡ ನಾಡಿನಲ್ಲಿ ರೂಪುಗೊಂಡ ವಿಮಾನವನ್ನು ಮುಂಬೈಯ ಉದ್ಯಮವೊಂದು ಕೈಗೆತ್ತಿಕೊಂಡದ್ದು ಈ ಎರಡೂ ನೆಲಗಳ ಋಣವುಳ್ಳ ನಮ್ಮಂಥವರಿಗೆ ಸಂತೋಷ ಕೊಡುವ ವಿಷಯ. ಎಂಜಿನ್ ಮಾತ್ರ ಆಮದಿನದೇ. ಬಿಡಿಭಾಗಕ್ಕಾಗಿ ಹಡಗು, ಕಸ್ಟಮ್ಸ್ ಎಂದು ತಿಂಗಳು ಕಾಯುವ ಬದಲು ಮೈಕಟ್ಟಿನ ಭಾಗಗಳಾದರೂ ದೇಶದೊಳಗೆ ಸಿಕ್ಕರೆ ಶಾಲೆಗಳಿಗೆ ಆಗುವ ಉಪಕಾರ ವಿಮಾನದ ಬೆಲೆಯ ಇಳಿಕೆಗಿಂತ ದೊಡ್ಡದು.

ವಿದ್ಯುತ್ ವಿಮಾನಗಳ ಕಥೆ ಏನು?

ಪಿಪಿಸ್ಟ್ರೆಲ್ ಕಂಪನಿಯ ವೆಲಿಸ್ ಎಲೆಕ್ಟ್ರೋ 2020ರಲ್ಲಿ ಯುರೋಪಿನ ಪ್ರಮಾಣಪತ್ರ ಪಡೆದ ಮೊದಲ ವಿದ್ಯುತ್ ವಿಮಾನ. ಒಂದು ಚಾರ್ಜಿನಲ್ಲಿ ಹಾರುವುದು ಸುಮಾರು 50 ನಿಮಿಷ. ಸರ್ಕಿಟ್ ಅಭ್ಯಾಸಕ್ಕೆ ಅದು ಸಾಕು, ಕ್ರಾಸ್ ಕಂಟ್ರಿಗೆ ಸಾಲದು. ಇ-ಹಂಸ ಎಂಬ ವಿದ್ಯುತ್ ತರಬೇತಿ ವಿಮಾನವನ್ನು ಎನ್‌ಎಎಲ್ ಅಭಿವೃದ್ಧಿಪಡಿಸಲಿದೆ, ಅದರ ಬೆಲೆ ಸುಮಾರು 2 ಕೋಟಿ ರೂಪಾಯಿ ಇರಬಹುದು ಎಂದು ಕೇಂದ್ರ ಸರ್ಕಾರ 2025ರಲ್ಲಿ ಹೇಳಿದೆ. ಈ ವರ್ಷ ಶಾಲೆ ಸೇರುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ನಾವು ಮುಂಬೈ, ಪುಣೆ, ಗೋವಾದಲ್ಲಿದ್ದೇವೆ. ಮನೆಯ ಹತ್ತಿರ ಕಲಿಯಬಹುದೇ?

ಮನೆಯಿಂದ ಓಡಾಡಿಕೊಂಡು ಕಲಿಯುವುದು ಕಷ್ಟ. ಪುಣೆಯ ಲೋಹೆಗಾಂವ್ ವಾಯುಪಡೆಯ ನೆಲೆ, ಗೋವಾದ ದಾಬೋಲಿಂ ನೌಕಾಪಡೆಯ ನೆಲೆ, ಮುಂಬೈಯ ಆಕಾಶದಲ್ಲಿ ದೊಡ್ಡ ವಿಮಾನಗಳಿಗೇ ಜಾಗ ಸಾಲದು. ಬಾಂಬೆ ಫ್ಲೈಯಿಂಗ್ ಕ್ಲಬ್ ಕೂಡ ತನ್ನ ಹಾರಾಟ ತರಬೇತಿಯನ್ನು ಧುಳೆಗೆ ಒಯ್ದಿದೆ. ಮಹಾರಾಷ್ಟ್ರದಲ್ಲಿ ಬಾರಾಮತಿ, ಜಳಗಾಂವ್, ಗೋಂದಿಯಾ ಕಡೆ ಶಾಲೆಗಳಿವೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ತರಬೇತಿ ಶಾಲೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಗೋವಾದ ಕನ್ನಡಿಗರಿಗೆ ಚೋರ್ಲಾ ಘಾಟಿ ಹತ್ತಿದರೆ ಸಿಗುವ ಬೆಳಗಾವಿಯೇ ಹತ್ತಿರ. ಊಟ, ಭಾಷೆ, ನೆಂಟರ ಮನೆ ಎಲ್ಲವೂ ಅಲ್ಲಿ ಸಿಗುತ್ತವೆ, ಮನೆ ಬಿಟ್ಟು ಮೊದಲ ಸಲ ಹೊರಡುವ ಮಗುವಿಗೆ ಅದೂ ದೊಡ್ಡ ಆಸರೆ.

ಅಮೆರಿಕದ ಸ್ಪೋರ್ಟ್ ಪೈಲಟ್ ಲೈಸೆನ್ಸ್ 20 ಗಂಟೆಯಲ್ಲಿ ಸಿಗುತ್ತದಂತೆ, ಅಲ್ಲಿಗೇ ಹೋಗಬಹುದಲ್ಲವೇ?

ಅಲ್ಲಿ ಕನಿಷ್ಠ 20 ಗಂಟೆ ಎಂಬುದು ನಿಜ, ಆದರೆ ಅದು ಹವ್ಯಾಸದ ಲೈಸೆನ್ಸ್, ಒಬ್ಬ ಪ್ರಯಾಣಿಕನನ್ನು ಮಾತ್ರ ಕರೆದೊಯ್ಯಬಹುದು, ಸಂಬಳಕ್ಕೆ ಹಾರುವಂತಿಲ್ಲ. ಭಾರತದಲ್ಲಿ ಉದ್ಯೋಗ ಬಯಸುವವರಿಗೆ ಅದರಿಂದ ಪ್ರಯೋಜನವಿಲ್ಲ.

ಹಗುರ ವಿಮಾನಗಳಿರುವ ಶಾಲೆಯನ್ನು ಆರಿಸುವುದು ಹೇಗೆ?

ನನ್ನ ಅಕ್ಕನ ಮಗ ಸೇರಿದ್ದ ಒಂದು ಶಾಲೆಯ ಕರಪತ್ರದಲ್ಲಿ ಹೊಸ ಹಗುರ ವಿಮಾನಗಳ ಚಿತ್ರಗಳಿದ್ದವು. ಸೇರಿದ ಮೇಲೆ ತಿಳಿದದ್ದು, ಅವುಗಳಲ್ಲಿ ಹೆಚ್ಚಿನವು ಗೇರ್‌ಬಾಕ್ಸಿನ ಬಿಡಿಭಾಗಕ್ಕಾಗಿ ಹ್ಯಾಂಗರಿನಲ್ಲಿ ನಿಂತಿವೆ ಎಂದು. ಐದು ತಿಂಗಳಲ್ಲಿ ಅವನು ಹಾರಿದ್ದು ಹನ್ನೊಂದು ಗಂಟೆ. ಪ್ರತಿ ಸಲ ಬಿಡುವಿನ ನಂತರ ಹಾರುವಾಗ ಹಿಂದಿನ ಪಾಠದ ಅರ್ಧ ಮರೆತಿರುತ್ತಿತ್ತು, ಮತ್ತೆ ಹಣ ಕೊಟ್ಟು ಅದನ್ನೇ ಕಲಿಯಬೇಕಾಗುತ್ತಿತ್ತು. ಶುಲ್ಕದ ಬಹುಪಾಲನ್ನು ಮುಂಗಡವಾಗಿ ಕಟ್ಟಿದ್ದರಿಂದ ಬಿಟ್ಟುಬರುವಂತೆಯೂ ಇರಲಿಲ್ಲ. ಆ ದಿನಗಳಲ್ಲಿ ಅಕ್ಕ ಫೋನಿನಲ್ಲಿ ಮಾತಾಡದೆ ಸುಮ್ಮನಿರುತ್ತಿದ್ದುದು ನನಗೆ ಈಗಲೂ ನೆನಪಿದೆ.

ಆದ್ದರಿಂದ ವಿಮಾನ ಯಾವುದು ಎಂದು ಕೇಳುವ ಮೊದಲು, ಅದನ್ನು ನೋಡಿಕೊಳ್ಳಲು ಆ ಎಂಜಿನ್ನಿನ ತರಬೇತಿ ಪಡೆದ ಎಂಜಿನಿಯರ್ ಇದ್ದಾರೆಯೇ ಎಂದು ಕೇಳಿ. ಶುಲ್ಕವನ್ನು ಕಂತುಗಳಲ್ಲಿ, ಹಾರಿದ ಗಂಟೆಗೆ ತಕ್ಕಂತೆ ಕಟ್ಟುವ ವ್ಯವಸ್ಥೆ ಇದೆಯೇ ನೋಡಿ. ಡಿಜಿಸಿಎ 2025ರ ಅಕ್ಟೋಬರಿನಿಂದ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲಾರಂಭಿಸಿದೆ. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಒಂದು ಶಾಲೆಗೂ ಸಿಗಲಿಲ್ಲ. ಪೋಷಕರು ಆ ಪಟ್ಟಿಯನ್ನು ಓದಲೇಬೇಕು.

ನನ್ನ ಮಗಳು ಈಗ ಹನ್ನೊಂದನೇ ತರಗತಿಯಲ್ಲಿದ್ದಾಳೆ. ಈಗಲೇ ಮಾಡಬಹುದಾದದ್ದು ಏನಾದರೂ ಇದೆಯೇ?

ಭೌತಶಾಸ್ತ್ರ, ಗಣಿತ ಎರಡನ್ನೂ ಬಿಡದಿರಲಿ, ಸಿಪಿಎಲ್‌ಗೆ ಹನ್ನೆರಡನೇ ತರಗತಿಯಲ್ಲಿ ಅವು ಬೇಕೇ ಬೇಕು. 16 ತುಂಬಿದರೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಪಡೆಯಬಹುದು, ಸಿಪಿಎಲ್‌ಗೆ 18 ಆಗಬೇಕು. ಹಣ ಕಟ್ಟುವ ಮೊದಲೇ ಡಿಜಿಸಿಎ ಒಪ್ಪಿದ ವೈದ್ಯರಲ್ಲಿ ಕ್ಲಾಸ್ 2 ತಪಾಸಣೆ ಮಾಡಿಸಿ, ಕಣ್ಣು ಕಿವಿಯ ತೊಂದರೆ ಇದ್ದರೆ ಆಗಲೇ ತಿಳಿಯುತ್ತದೆ.

ಆಮೇಲೆ ಅನುಮತಿ ಪಡೆದು ಒಂದು ಬೆಳಗ್ಗೆ ಅವಳನ್ನು ನೀವು ಯೋಚಿಸಿರುವ ಶಾಲೆಯ ಅಂಗಳಕ್ಕೆ ಕರೆದುಕೊಂಡು ಹೋಗಿ. ಏಳು ಗಂಟೆಯಿಂದ ಹತ್ತರವರೆಗೆ, ಗಾಳಿ ಶಾಂತವಾಗಿರುವ ಹೊತ್ತಿನಲ್ಲಿ, ಬೇಲಿಯ ಪಕ್ಕ ಕೂತು ಅವಳೇ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ: ಎಷ್ಟು ವಿಮಾನಗಳು ಹ್ಯಾಂಗರಿನಿಂದ ಹೊರಗೆ ಬಂದವು, ಎಷ್ಟು ಒಳಗೇ ಉಳಿದವು, ಒಬ್ಬೊಬ್ಬ ವಿದ್ಯಾರ್ಥಿಗೆ ಎಷ್ಟು ಲ್ಯಾಂಡಿಂಗ್ ಸಿಕ್ಕವು, ಇಳಿದು ಬಂದವರ ಜೊತೆ ಇನ್‌ಸ್ಟ್ರಕ್ಟರ್ ಎಷ್ಟು ಹೊತ್ತು ಕೂತು ಮಾತಾಡಿದರು. ಮರುವಾರ ಇನ್ನೊಂದು ಶಾಲೆಯಲ್ಲಿ ಅದನ್ನೇ ಬರೆದುಕೊಂಡು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.